ನಟ್ಟಿಗೆ ಸ್ಪ್ಯಾನರ್ ಹಾಕುವ ಮೊದಲು

ತಮ್ಮಾ, ಬೆಂಗಳೂರಿನ ರಸ್ತೆಗಳಿಗೆ ಕಾಂಕ್ರೀಟ್ ಹಾಸುವ ವೈಟ್‌ಟಾಪಿಂಗ್ ಕೆಲಸಕ್ಕೆ ಕಟಿಂಗ್ ಮಷೀನ್ ಹಿಡಿಯಲು ಹೊರಟಿದ್ದೀಯಂತೆ. ಹೋಗು, ಆದರೆ ಒಂದು ಮಾತು ಕೇಳಿಸಿಕೊಂಡು ಹೋಗು. ಕಾಂಕ್ರೀಟ್ ಹಾಕಿದ ಕೆಲವೇ ಗಂಟೆಗಳಲ್ಲಿ, ಅದರ ದಪ್ಪದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಗೀರು ಇಳಿಸಬೇಕು. ತಡವಾದರೆ ಅದು ತನಗೆ ತೋಚಿದ ಕಡೆ ಬಿರಿಯುತ್ತದೆ. ಹಸಿ ಕಾಂಕ್ರೀಟಿನ ಮರಳು ಬ್ಲೇಡನ್ನು ಬೇಗ ತಿನ್ನುವುದರಿಂದ ಬ್ಲೇಡ್ ಸವೆಯುವುದೂ ಆಗಲೇ, ನಡುರಾತ್ರಿ, ಮೇಸ್ತ್ರಿ ಪಕ್ಕದಲ್ಲಿ ನಿಂತು ಕೂಗುತ್ತಿರುವಾಗ. ಹಾಗಾಗಿ ಸಂಜೆ ಬೆಳಕಿರುವಾಗಲೇ ಬ್ಲೇಡ್ ನೋಡು. ರಾತ್ರಿಗೆ ಸಾಲದು ಅನ್ನಿಸಿದರೆ ಆಗಲೇ ಬದಲಿಸು. ಸವೆಯದ ಬ್ಲೇಡ್ ಬಿಚ್ಚಿದೆ ಎಂದು ಯಾರಾದರೂ ಗೊಣಗಿದರೆ ಗೊಣಗಲಿ.

ಎಂಜಿನ್ ಆಫ್ ಮಾಡಿದ್ದೇನೆ ಎಂಬ ಧೈರ್ಯ ಸಾಲದು, ಪ್ಲಗ್ ಕ್ಯಾಪನ್ನು ಕಿತ್ತು ಪಕ್ಕಕ್ಕಿಡು. ಪೆಟ್ರೋಲ್ ಎಂಜಿನ್ನಿನ ಕಿಡಿಗೆ ಬ್ಯಾಟರಿ ಬೇಕಿಲ್ಲ, ಫ್ಲೈವೀಲಿನ ಮ್ಯಾಗ್ನೆಟ್ಟೇ ಸಾಕು. ಈ ಮಷೀನುಗಳಲ್ಲಿ ಬ್ಲೇಡಿಗೂ ಎಂಜಿನ್ನಿಗೂ ಬೆಲ್ಟಿನ ನಂಟಿರುತ್ತದೆ. ಸ್ವಿಚ್ಚಿನ ಒಂದು ವೈರ್ ಕಳಚಿದ್ದರೆ, ನೀನು ನಟ್ ಬಿಚ್ಚಲು ಬ್ಲೇಡ್ ತಿರುವಿದಾಗ ಪಿಸ್ಟನ್ನೂ ಮೇಲೇರಿ ಎಂಜಿನ್ ಒಂದೇ ಒಂದು ಸಲ ಕೆಮ್ಮಬಹುದು. ಬೆರಳಿಗೆ ಅಷ್ಟೇ ಸಾಕು. ಕರೆಂಟಿನ ಮಷೀನಾದರೆ ಪಿನ್ ಎಳೆದು ನಿನ್ನ ಕಣ್ಣಿಗೆ ಕಾಣುವ ಕಡೆ ಇಟ್ಟುಕೋ. ಮಷೀನಿನ ಮುಂಭಾಗ ಎತ್ತಿ ಲಾಕ್ ಮಾಡು, ಬ್ಲೇಡ್ ತಣ್ಣಗಾಗಲಿ, ಕೈಗೆ ಗ್ಲೌಸ್ ಇರಲಿ.

ನಟ್ ಸಾಮಾನ್ಯವಾಗಿ ಬ್ಲೇಡ್ ತಿರುಗುವ ದಿಕ್ಕಿಗೇ ಬಿಚ್ಚಿಕೊಳ್ಳುತ್ತದೆ. ಕೆಲವು ಮಷೀನಿನಲ್ಲಿ ಎಡ ಥ್ರೆಡ್ ಇರುವುದರಿಂದ ಜೋರು ಹಾಕುವ ಮೊದಲು ನೋಡಿಕೋ. ಬಿಚ್ಚಿದ ಮೇಲೆ ಎರಡೂ ಫ್ಲ್ಯಾಂಜ್‌ಗಳನ್ನು ಒರೆಸು. ಎಲ್ಲರೂ ಬಿಟ್ಟುಬಿಡುವ ಕೆಲಸ ಇದೇ. ಅಲ್ಲಿ ಒಣಗಿದ ಸಿಮೆಂಟಿನ ಒಂದು ಹರಳು ಉಳಿದರೂ ಬ್ಲೇಡ್ ಓರೆಯಾಗಿ ಕೂರುತ್ತದೆ.

ಹೊಸದೋ ಹಳೆಯದೋ, ಕೂರಿಸುವ ಬ್ಲೇಡನ್ನು ಬೆರಳಿಗೆ ತೂಗುಹಾಕಿ ಸ್ಪ್ಯಾನರ್ ಹಿಡಿಯಿಂದ ಮೆಲ್ಲಗೆ ತಟ್ಟು. ಗಂಟೆಯಂತೆ ದನಿ ಬಂದರೆ ಸರಿ, ದೊಬ್ ಎಂದರೆ ಉಕ್ಕಿನಲ್ಲಿ ಎಲ್ಲೋ ಬಿರುಕಿದೆ. ಅಂಚಿನಲ್ಲಿ ಕತ್ತರಿಸುವ ತುಂಡು, ಅಂದರೆ ಸೆಗ್ಮೆಂಟಿನ ಬುಡ ತೆಳ್ಳಗೆ ಕೊರೆದುಹೋಗಿದೆಯೇ, ಉಕ್ಕು ನೀಲಿಯಾಗಿದೆಯೇ ನೋಡು. ಹಾಗಿದ್ದರೆ ಅದು ಗುಜರಿಗೆ. 350 ಮಿ.ಮೀ. ಬ್ಲೇಡ್ ನಿಮಿಷಕ್ಕೆ 2,800 ಸುತ್ತು ಹಾಕಿದರೆ ಅದರ ಅಂಚು ಗಂಟೆಗೆ 180 ಕಿಲೋಮೀಟರಿಗೂ ಮೀರಿ ಓಡುತ್ತಿರುತ್ತದೆ. ಕಳಚಿದ ಸೆಗ್ಮೆಂಟ್ ಹಾರುವುದೂ ಅದೇ ವೇಗದಲ್ಲಿ. ಬ್ಲೇಡಿನ ಮೇಲೆ ಬರೆದ ಗರಿಷ್ಠ ಆರ್‌ಪಿಎಂ ಮಷೀನಿನದಕ್ಕಿಂತ ಕಡಿಮೆ ಇರಲೇಕೂಡದು. ನಡುವಿನ ತೂತು ಶಾಫ್ಟಿಗೆ ಸರಿಯಾಗಿ ಕೂರಬೇಕು. ಸಡಿಲವಿದೆ ಎಂದು ತಂತಿ ಸುತ್ತುವ, ಟೇಪ್ ಅಂಟಿಸುವ ಬುದ್ಧಿವಂತರನ್ನು ದೂರವಿಡು.

ಬಾಣದ ಗುರುತು ಗಾರ್ಡಿನ ಬಾಣದ ಕಡೆಗೇ ಇರಲಿ. ಬ್ಲೇಡಿನ ಪಿನ್ ತೂತಿಗೆ ಫ್ಲ್ಯಾಂಜಿನ ಪಿನ್ ಕೂರಿಸಿ, ಬ್ಲೇಡನ್ನು ಹಿಮ್ಮುಖವಾಗಿ ತಿರುವಿ ಪಿನ್ನಿಗೆ ತಾಗಿಸಿಕೊಂಡು ನಟ್ ಬಿಗಿ ಮಾಡು. ಆಟ ಉಳಿದರೆ ಎಂಜಿನ್ ಎಳೆದ ಕ್ಷಣಕ್ಕೆ ಪಿನ್ನಿಗೆ ಪೆಟ್ಟು ಬೀಳುತ್ತದೆ. ಬಿಗಿಯಾದ ಮೇಲೆ ಸ್ಪ್ಯಾನರ್ ತೆಗೆ (ಬಿಟ್ಟು ಎಂಜಿನ್ ಎಳೆದವರೂ ಇದ್ದಾರೆ), ಗಾರ್ಡ್ ಇಳಿಸು, ಆಮೇಲೆ ಪ್ಲಗ್ ಕ್ಯಾಪ್.

ಸ್ಟಾರ್ಟ್ ಮಾಡಿ ಒಂದು ನಿಮಿಷ ಖಾಲಿ ಓಡಿಸು. ಬ್ಲೇಡಿನ ನೇರಕ್ಕೆ ನೀನೂ ನಿಲ್ಲಬೇಡ, ಬೇರೆಯವರನ್ನೂ ನಿಲ್ಲಿಸಬೇಡ. ಹ್ಯಾಂಡಲ್ ನಡುಗಿದರೆ ಆಫ್ ಮಾಡಿ ಮತ್ತೆ ಬಿಚ್ಚು, ಹೆಚ್ಚಿನ ಸಲ ಫ್ಲ್ಯಾಂಜಿನಲ್ಲೇ ಕಸ ಸಿಗುತ್ತದೆ. ನಡುಗದಿದ್ದರೆ ನೀರಿನ ನಲ್ಲಿ ಬಿಡು, ಬ್ಲೇಡಿನ ಎರಡೂ ಬದಿಗೆ ನೀರು ಬೀಳುವುದನ್ನು ನೋಡಿ ಮೆಲ್ಲಗೆ ಇಳಿಸು. ನೀರಿಲ್ಲದೆ ಎದ್ದ ದೂಳು ಶ್ವಾಸಕೋಶಕ್ಕೆ ಇಳಿದರೆ ಮತ್ತೆ ಹೊರಗೆ ಬರುವುದಿಲ್ಲ.