ಎರಡಾಣೆಯ ಪುಸ್ತಕ

ಕಾರ್ಕಳದಿಂದ ಪಡುಬಿದ್ರಿಗೆ ಸಾಗುವ ಹಾದಿಯಲ್ಲಿ ಬೆಳ್ಮಣ್ ಎಂಬ ಊರಿದೆ. ಅಲ್ಲಿಯ ವೃದ್ಧರೊಬ್ಬರು, ಉದ್ಯೋಗಕ್ಕೆಂದು ಮುಂಬಯಿಗೆ ಹೊರಟುನಿಂತ ಮಗನನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು, ಹಳೆಯ ಪಿಗ್ಮಿ ಪುಸ್ತಕವೊಂದನ್ನು ಅವನ ಕೈಗಿತ್ತರು.

ಬಡವರು ಬ್ಯಾಂಕಿನ ಮೆಟ್ಟಿಲೇರಲು ಅಂಜುತ್ತಿದ್ದ ಕಾಲವೊಂದಿತ್ತು. 1925ರಲ್ಲಿ ಡಾ. ಟಿ.ಎಂ.ಎ. ಪೈ, ಅವರ ಅಣ್ಣ ಉಪೇಂದ್ರ ಪೈ ಹಾಗೂ ವಾಮನ ಕುಡ್ವರು ಉಡುಪಿಯಲ್ಲಿ ಸ್ಥಾಪಿಸಿದ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಅಲ್ಪ ಹಣವನ್ನೂ ಮನೆಬಾಗಿಲಿಗೇ ಬಂದು ಸಂಗ್ರಹಿಸುತ್ತಿದ್ದರು. ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಂತ ಆ ಸಂಸ್ಥೆ 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾಯಿತು.

"ಮಗಾ, ನನ್ನ ಅಮ್ಮ ಚಿಮಣಿ ದೀಪದ ಬೆಳಕಿನಲ್ಲಿ ಬೀಡಿ ಕಟ್ಟುತ್ತಿದ್ದರು. ಗಂಜಿಗೆ ಉಪ್ಪಿನಕಾಯಿ ಇಲ್ಲದ ದಿನವೂ ಎರಡಾಣೆ ತಪ್ಪುತ್ತಿರಲಿಲ್ಲ. ಅವರಿಗೆ ಕೆಮ್ಮು ಹೆಚ್ಚಿದಾಗ, ವೈದ್ಯರಲ್ಲಿಗೆ ಹೋಗೋಣವೆಂದೆ. 'ಅದು ನಿನ್ನ ಓದಿನ ಹಣ' ಎಂದರು. ನಾನು ಸುಮ್ಮನಾದೆ. ಸುಮ್ಮನಾಗುವುದು ನನಗೂ ಅನುಕೂಲವಾಗಿತ್ತು. ಅಮ್ಮ ತೀರಿಕೊಂಡ ಮೇಲೆ ಆ ಹಣದಿಂದಲೇ ಹೈಸ್ಕೂಲು ಸೇರಿದೆ."

ತಂದೆ ಮಿತವ್ಯಯವನ್ನು ಬೋಧಿಸುವರೆಂದೇ ಮಗನು ಭಾವಿಸಿದ್ದನು. ಹಿರಿಯರ ಮಾತಿನ ತುದಿಯನ್ನು ನಾವು ಮೊದಲೇ ಊಹಿಸಿ ಕಿವಿ ಮುಚ್ಚಿಕೊಳ್ಳುವುದುಂಟಲ್ಲವೇ?

"ಕೂಡಿಡು, ಬೇಡವೆನ್ನಲಾರೆ. ಆದರೆ ಮನೆಯವರು ಹಾಸಿಗೆ ಹಿಡಿದರೆ, ಹೋಗೋಣವೇ ಎಂದು ಅವರನ್ನು ಕೇಳುತ್ತ ನಿಲ್ಲಬೇಡ. ಹಣ ತೆಗೆದು ಕರೆದುಕೊಂಡು ಹೋಗು. ನಾನು ಬೇಡವೆಂದರೂ ಕೇಳಬೇಡ" ಎಂದರು.

ಮಗನು ಪುಸ್ತಕವನ್ನು ತೆರೆದನು. ಪುಟಪುಟದಲ್ಲೂ ಎರಡೆರಡಾಣೆಯ ಜಮೆ. ಹಣ ಹಿಂತೆಗೆದ ಗುರುತು ಒಂದೇ ಒಂದು, ಕೊನೆಯ ಪುಟದಲ್ಲಿತ್ತು.