ಗೂಡಿಗೆಷ್ಟು ಕೋಳಿ?

ಚಿತ್ರದುರ್ಗದ ಕೋಟೆಯನ್ನು ದಾಟಿ ದಕ್ಷಿಣಕ್ಕೆ ನಡೆದರೆ ಗುಡ್ಡದ ಬೆನ್ನಿಗೆ ಗುಡ್ಡ ನಿಂತ ಜೋಗಿಮಟ್ಟಿಯ ಕಾಡು ಎದುರಾಗುತ್ತದೆ. 2015ರಲ್ಲಿ ಇದು ವನ್ಯಜೀವಿಧಾಮವೆನಿಸಿತು. ಬೀಸುಗಾಳಿಗೆ ಹೆಸರಾದ ಸೀಮೆಯಿದು. ಸುತ್ತಲಿನ ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಗಾಳಿ ಧಾರಾಳ, ಮಳೆ ಮಾತ್ರ ಜಿಪುಣ. ಶೇಂಗಾ, ರಾಗಿ, ಮೆಕ್ಕೆಜೋಳಗಳನ್ನು ನಂಬಿದ ಇಲ್ಲಿನ ಹಳ್ಳಿಗಳಲ್ಲಿ ಮಳೆ ಕೈಕೊಟ್ಟ ವರ್ಷ ಸಂತೆಯ ಖರ್ಚಿಗೆ ಒದಗುವುದು ಹಿತ್ತಿಲ ಕೋಳಿ.

ತಪ್ಪಲಿನ ಇಂಥದೊಂದು ಹಳ್ಳಿಯ ಮನೆಯನ್ನು ಕಲ್ಪಿಸಿಕೊಳ್ಳಬಹುದು. ಹಿತ್ತಿಲಲ್ಲಿ 4 ಅಡಿ ಉದ್ದ, 3 ಅಡಿ ಅಗಲದ ಒಂದು ಹಳೆಯ ಗೂಡು. ಅದರ ಮುಂದೆ 12 ಅಡಿಗೆ 5 ಅಡಿ ಬೇಲಿ ಕಟ್ಟಿದ ಜಾಗ. ಸಂಘದಿಂದ ತಂದ ಸಣ್ಣ ಸಾಲದಲ್ಲಿ ಕೋಳಿ ಕೊಳ್ಳಬೇಕೆಂದು ಮನೆಯ ಸೊಸೆಯ ಹಂಬಲ. ಸಾಲ ತೀರಬೇಕು, ಮಗಳ ಓದಿನ ಖರ್ಚೂ ಹೊರಡಬೇಕು.

“ಹದಿನೈದು ತಂದರೆ ಐದಾದರೂ ಉಳಿದಾವು, ಅತ್ತೆ” ಎಂದಳು ಅವಳು.

“ಐದು ಉಳಿಯೋದಾದರೆ ಐದೇ ತಾರಮ್ಮ. ಸಾಯೋ ಹತ್ತಕ್ಕೆ ಯಾಕೆ ಸಾಲ?” ಎಂದಳು ಮುದುಕಿ.

ಒಂಬತ್ತನೆಯ ತರಗತಿಯಲ್ಲಿ ಓದುವ ಮೊಮ್ಮಗಳು ಅಳತೆಪಟ್ಟಿಯನ್ನೂ ನೋಟುಪುಸ್ತಕವನ್ನೂ ಹಿಡಿದು ಹಿತ್ತಿಲಿಗೆ ಹೋದಳು.

ಬೆಳೆದ ಹೇಟೆಯೊಂದಕ್ಕೆ ರಾತ್ರಿ ತಂಗಲು ಗೂಡಿನಲ್ಲಿ ಸುಮಾರು 2 ಚದರ ಅಡಿ ನೆಲ ಬೇಕು; ಹಗಲಿನಲ್ಲಿ ಕೆದಕಿ ತಿನ್ನಲು ಬಯಲಿನಲ್ಲಿ 10 ಚದರ ಅಡಿಯಾದರೂ ಬೇಕು. ಗೂಡಿನ ನೆಲ 12 ಚದರ ಅಡಿ, ಬೇಲಿಯೊಳಗಿನ ನೆಲ 60 ಚದರ ಅಡಿ. ಎರಡು ಲೆಕ್ಕಕ್ಕೂ ಬಂದ ಉತ್ತರ ಒಂದೇ: 6. ಹದಿನೈದನ್ನು ತುಂಬಿದರೆ ಒಂದೊಂದಕ್ಕೆ ಸಿಗುವುದು ಒಂದು ಅಡಿಗೂ ಕಡಿಮೆ.

ಕಡಿಮೆಯಾದರೇನು, ಒತ್ತಿಕೊಂಡು ಮಲಗಲಿ ಎಂದು ಯಾರಾದರೂ ಕೇಳಬಹುದು. ಮಲಗುವುದಷ್ಟೇ ಆಗಿದ್ದರೆ ಅಡ್ಡಿಯಿರಲಿಲ್ಲ. ಒಂದು ಕೋಳಿ ದಿನಕ್ಕೆ ಸುಮಾರು 100 ಗ್ರಾಂ ಹಿಕ್ಕೆ ಹಾಕುತ್ತದೆ. ಹದಿನೈದು ಕೋಳಿಗಳ ಒಂದೂವರೆ ಕಿಲೋ ಹಿಕ್ಕೆ ಇಕ್ಕಟ್ಟಿನ ಗೂಡಿನಲ್ಲಿ ದಿನವೂ ಬಿದ್ದು ತೇವಗೊಂಡರೆ ಅಮೋನಿಯಾ ಅನಿಲ ಏಳುತ್ತದೆ. ಅದು ಕೋಳಿಯ ಕಣ್ಣನ್ನೂ ಶ್ವಾಸಕೋಶವನ್ನೂ ಕೆಡಿಸುತ್ತದೆ. ಒದ್ದೆ ನೆಲದಲ್ಲಿ ಮರಿಗಳಿಗೆ ರಕ್ತಭೇದಿ ತಗಲುತ್ತದೆ.

ಇನ್ನೊಂದು ಕೇಡು ಕಣ್ಣಿಗೆ ಬೇಗ ಕಾಣುವುದಿಲ್ಲ. ನಾರ್ವೆ ದೇಶದಲ್ಲಿ ಥೋರ್ಲೈಫ್ ಷೆಲ್ಡೆರುಪ್-ಎಬ್ಬೆ ಎಂಬ ಹುಡುಗನಿದ್ದ. ಯಾವ ಕೋಳಿ ಯಾವುದನ್ನು ಕುಕ್ಕುತ್ತದೆ, ಯಾವುದು ಯಾವುದಕ್ಕೆ ದಾರಿ ಬಿಡುತ್ತದೆ ಎಂಬುದನ್ನು ಅವನು ಚಿಕ್ಕಂದಿನಿಂದಲೇ ಗುರುತು ಹಾಕಿಕೊಳ್ಳುತ್ತಿದ್ದ. ದೊಡ್ಡವನಾದ ಮೇಲೆ, 1920ರ ದಶಕದ ಆರಂಭದಲ್ಲಿ, ಕೋಳಿಗಳ ಗುಂಪಿನಲ್ಲಿ ಮೇಲು ಕೆಳಗಿನ ಗಟ್ಟಿಯಾದ ಒಂದು ಕ್ರಮವುಂಟೆಂದು ತೋರಿಸಿಕೊಟ್ಟ. ಮೇಲಿನದು ಕೆಳಗಿನದನ್ನು ಕುಕ್ಕುತ್ತದೆ; ಕೆಳಗಿನದು ಓಡಿ ತಪ್ಪಿಸಿಕೊಳ್ಳುತ್ತದೆ. ಓಡಲು ಜಾಗವಿದ್ದಾಗ ಜಗಳ ಅಲ್ಲಿಗೇ ಮುಗಿಯಿತು. ಜಾಗವಿಲ್ಲದಿದ್ದರೆ ಎಲ್ಲಕ್ಕಿಂತ ಕೆಳಗಿನದು ಕಾಳಿನ ತಟ್ಟೆಯ ಹತ್ತಿರ ಸುಳಿಯಲಾರದೆ, ಗರಿ ಕಿತ್ತು, ಗಾಯವಾಗಿ ಸೊರಗುತ್ತದೆ. ರಕ್ತ ಕಂಡರೆ ಉಳಿದವೂ ಅದನ್ನೇ ಕುಕ್ಕತೊಡಗುತ್ತವೆ. ಹತ್ತು ಸತ್ತು ಐದು ಉಳಿಯುವ ಬಗೆಗಳಲ್ಲಿ ಇದೂ ಒಂದು.

ಮೇವಿನ ಲೆಕ್ಕ ಇದಕ್ಕಿಂತ ಕಟುವಾದುದು. ಮೊಟ್ಟೆಯಿಡುವ ಕೋಳಿ ದಿನಕ್ಕೆ ಸುಮಾರು 110 ಗ್ರಾಂ ತಿನ್ನುತ್ತದೆ. ಕಣದಲ್ಲಿ ಉದುರಿದ ಕಾಳು, ತಿಪ್ಪೆಯ ಹುಳು, ಗೆದ್ದಲು, ಮನೆಯ ನುಚ್ಚು ಇವು ನಾಲ್ಕೈದು ಕೋಳಿಗಳ ಹಸಿವನ್ನು ಬಹುಮಟ್ಟಿಗೆ ನೀಗಿಸಬಲ್ಲವು. ಹದಿನೈದಕ್ಕಾದರೆ ತಿಂಗಳಿಗೆ 50 ಕಿಲೋ ಬೇಕು. ಅದನ್ನು ಹಣ ಕೊಟ್ಟೇ ತರಬೇಕು. ಬೇಸಗೆಯಲ್ಲಿ ಕೋಳಿಯೊಂದು ದಿನಕ್ಕೆ ಅರ್ಧ ಲೀಟರಿನವರೆಗೆ ನೀರು ಕುಡಿಯುತ್ತದೆ. ಏಪ್ರಿಲ್ ತಿಂಗಳಲ್ಲಿ ಕೊಡಕ್ಕಾಗಿ ಸಾಲು ನಿಲ್ಲುವ ಊರಿನಲ್ಲಿ ಈ ಲೆಕ್ಕವನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ.

ಹುಡುಗಿ 6 ಎಂದು ಬರೆದು ತಂದ ಪುಸ್ತಕವನ್ನು ನೋಡಿ ಅಜ್ಜಿ, “ಸರಿಯಾಗೈತೆ ಮಗಾ. ಆದರೆ ಮರಿ ಎಲ್ಲಿ ಮಲಗ್ತಾವೆ?” ಎಂದು ಕೇಳಿದಳು. ಲೆಕ್ಕದಲ್ಲಿ ಅದಿರಲಿಲ್ಲ. ಗೂಡನ್ನು ಮೊದಲ ದಿನವೇ ತುಂಬಿದವರಿಗೆ ಎರಡನೆಯ ವರ್ಷ ಜಾಗವಿರುವುದಿಲ್ಲ. ಕೋಳಿಗೆ ವಯಸ್ಸಾದಂತೆ ಮೊಟ್ಟೆ ಕಡಿಮೆಯಾಗುತ್ತದೆ. ಹೊಸದು ಬೆಳೆಯುವವರೆಗೂ ಹಳೆಯದು ಗೂಡಿನಲ್ಲಿಯೇ ಇರಬೇಕು.

ಹಾಗಾದರೆ ನಾಲ್ಕು, ಯಾವ ನಾಲ್ಕು? ನಾಟಿ ಹೇಟೆ ವರ್ಷಕ್ಕೆ 60ರಿಂದ 80 ಮೊಟ್ಟೆಯಿಟ್ಟರೆ ಹೆಚ್ಚು. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 1980ರ ದಶಕದಲ್ಲಿ ರೂಪಿಸಿದ ಗಿರಿರಾಜ ತಳಿ ಹಿತ್ತಿಲ ಸಾಕಣೆಯಲ್ಲಿಯೇ ಸುಮಾರು 130 ಮೊಟ್ಟೆಯಿಡುತ್ತದೆ, ಮೈಯೂ ತುಂಬಿಕೊಳ್ಳುತ್ತದೆ. ಆದರೆ ಅದು ಕಾವು ಕೂರುವುದು ಕಡಿಮೆ. ಭಾರದ ಮೈಯಾದುದರಿಂದ ನಾಯಿಗೂ ಕಾಡುಬೆಕ್ಕಿಗೂ ಸುಲಭವಾಗಿ ಸಿಕ್ಕಿಬೀಳುತ್ತದೆ. ನಾಟಿ ಕೋಳಿ 21 ದಿನ ಮೊಟ್ಟೆಯ ಮೇಲಿಂದ ಕದಲುವುದು ಮೇವು ನೀರಿಗಾಗಿ ಮಾತ್ರ; ಹದ್ದಿನ ನೆರಳು ಕಂಡರೆ ಮರಿಗಳನ್ನು ರೆಕ್ಕೆಯೊಳಗೆ ಸೇರಿಸಿಕೊಳ್ಳುತ್ತದೆ. ಮೂರು ಗಿರಿರಾಜ, ಒಂದು ನಾಟಿ ಎಂದು ಕೊನೆಗೆ ತೀರ್ಮಾನವಾಯಿತು. ತಿನ್ನುವ ಮೊಟ್ಟೆಗೆ ಹುಂಜ ಬೇಕಾಗಿಲ್ಲ; ಮರಿ ಬೇಕಾದಾಗ ಪಕ್ಕದ ಮನೆಯ ಹುಂಜ ಹೇಗೂ ಬೇಲಿ ಹಾರಿ ಬರುತ್ತದೆ!

ಸೊಸೆಗೆ ಇನ್ನೂ ಅಳುಕಿತ್ತು. ನಾಲ್ಕರಲ್ಲಿ ಒಂದು ಸತ್ತರೂ ಕಾಲು ಭಾಗ ಹೋದಂತೆ. ಹಳ್ಳಿಗರು ಕೊಕ್ಕರೆ ರೋಗವೆನ್ನುವ ರಾಣಿಖೇತ್ ರೋಗ ಹೊಕ್ಕರಂತೂ ನಾಲ್ಕಾಗಲಿ ಹದಿನೈದಾಗಲಿ ಉಳಿಯುವ ಭರವಸೆಯಿಲ್ಲ. ಅದಕ್ಕೆ ಲಸಿಕೆಯೊಂದೇ ತಡೆ. ಆದರೆ ಒಂದು ಸೀಸೆಯಲ್ಲಿ ನೂರು ಕೋಳಿಗಾಗುವಷ್ಟು ಲಸಿಕೆಯಿರುತ್ತದೆ. ಬೆರೆಸಿದ ಮೇಲೆ ಬೇಗನೆ ಮುಗಿಸಬೇಕು. ಹೀಗಾಗಿ ತಾಯಿ ಮಗಳಿಬ್ಬರೂ ಕೇರಿಯ ಮನೆಮನೆಗೂ ಹೋಗಿ ಕೋಳಿಗಳನ್ನು ಎಣಿಸಿಕೊಂಡು ಬಂದರು. ಎಲ್ಲವೂ ಸೇರಿ 86 ಆದವು. ಪಶುವೈದ್ಯ ಶಾಲೆಗೆ ಯಾವ ದಿನ ಹೇಳಿ ಕಳುಹಿಸಬೇಕೆಂಬುದು ಅಂದೇ ಗೊತ್ತಾಯಿತು.

ಸಾಲದ ಹಣದಲ್ಲಿ ಉಳಿದುದರಿಂದ ಗೂಡಿಗೆ ಹೊಸ ತಂತಿಬಲೆ ಬಂದಿತು. ಗಾಳಿ ಬಡಿಯುವ ಪಡುವಣ ಮಗ್ಗುಲಿಗೆ ಹಲಗೆ ಬಡಿದರು. ಅಜ್ಜಿ ಗೂಡಿನ ಒಂದು ಮೂಲೆಯಲ್ಲಿ ಹುಲ್ಲು ಹಾಸಿ, ಹಳೆಯ ಮಂಕರಿಯೊಂದನ್ನು ಓರೆಯಾಗಿಟ್ಟು, ಇನ್ನೂ ಬಾರದ ಕಾವಿನ ಕೋಳಿಗೆ ಜಾಗ ಮಾಡಿದಳು.