ಹಳೇ ಊರು, ಹೊಸ ವಿಳಾಸ

ಅಕ್ಕಂದಿರೇ, ಬಿಟ್ಟು ಬಂದ ಊರಿಗೆ ಎಂದಾದರೂ ಹೋಗಿ ಬರಬಹುದು. ಆದರೆ ಆ ಊರೇ ಎದ್ದು ಬೇರೆ ಕಡೆ ಹೋದರೆ? ಬಾಗಲಕೋಟೆಯಲ್ಲಿ ಹಾಗೇ ಆಯಿತು.

ಆಲಮಟ್ಟಿಯಲ್ಲಿ ಕೃಷ್ಣಾ ನದಿಗೆ ಅಣೆಕಟ್ಟು ಕಟ್ಟಿದರು. 1964ರಲ್ಲಿ ಅಡಿಗಲ್ಲು ಹಾಕಿದರು. ಕೆಲಸ ಬಹಳ ವರ್ಷ ನಡೆಯಿತು. ಹಿನ್ನೀರು ಘಟಪ್ರಭಾ ಹೊಳೆಯಲ್ಲೂ ಏರಿತು. ಹೊಳೆಯ ದಂಡೆಯಲ್ಲಿದ್ದ ಬಾಗಲಕೋಟೆಯ ಎಷ್ಟೋ ಮನೆಗಳನ್ನು ಜನ ಬಿಡಬೇಕಾಯಿತು. ಅವರಿಗಾಗಿ ನವನಗರ ಕಟ್ಟಿದರು. ದೂರದ ಹೊಲಗಳಿಗೆ ನೀರು ಬಂತು, ನಿಜ. ಆದರೆ ಒಂದೇ ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದವರು ಚದುರಿ ಹೋದರು.

ಅಂಥ ಒಬ್ಬಾಕೆಯ ಕಥೆ ಕೇಳಿ. ಆಕೆ ನೇಕಾರರ ಮನೆಯಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಜೊತೆಗೆ ಇನ್ನೂ ಮೂವರು ಗೆಳತಿಯರು. ಮನೆ ಮುಳುಗಿದ ಮೇಲೆ ಗಂಡನ ಸಂಗಡ ಹುಬ್ಬಳ್ಳಿಗೆ ಹೋದಳು. ಇಪ್ಪತ್ತು ವರ್ಷ ದಾಟಿತು. ಓದು ಕಲಿತ ಮೇಲೆ ಒಂದು ಹೋಳಿ ಹುಣ್ಣಿಮೆಗೆ ಒಬ್ಬಳೇ ಹೊರಟಳು. ಬಾಗಲಕೋಟೆಯ ಹೋಳಿ ಅಂದರೆ ಸುಮ್ಮನೆ ಅಲ್ಲ! ಹಲಗೆ ಬಡಿಯುತ್ತಾರೆ. ಬಂಡಿಯಲ್ಲಿ ಬಣ್ಣ ತುಂಬಿಕೊಂಡು ಊರೆಲ್ಲ ತಿರುಗುತ್ತಾರೆ.

ಬಸ್ಸಿನ ಬೋರ್ಡನ್ನು ತಾನೇ ಓದಿ ಹತ್ತಿದಳು. ಆಧಾರ್ ಕಾರ್ಡು ತೋರಿಸಿದಳು. ಕಂಡಕ್ಟರು ದುಡ್ಡಿಲ್ಲದೆ ಟಿಕೆಟ್ಟು ಕೊಟ್ಟ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಇದು. ಸಾದಾ ಸರ್ಕಾರಿ ಬಸ್ಸಿಗೆ ಮಾತ್ರ. ಎ.ಸಿ. ಬಸ್ಸಿಗೆ ನಡೆಯುವುದಿಲ್ಲ.

ಹಳೇ ಊರಲ್ಲಿ ಚಿಗವ್ವನ ಮನೆ ಉಳಿದಿತ್ತು. ಚಿಗವ್ವನಿಗೆ ಕಣ್ಣು ಮಂಜಾಗಿತ್ತು.

"ಯಾರವಾ ಅದು?"

"ನಾನ ಚಿಗವ್ವಾ."

"ಈಗ ನೆನಪಾತೇನ ನನ್ನ ಮಗಳ?" ಎಂದು ಮುದುಕಿ ಅತ್ತಳು. ರೊಟ್ಟಿ, ಪುಂಡಿಪಲ್ಲೆ ಬಡಿಸಿದಳು. ಆಮೇಲೆ ಕೇಳಿದಳು, "ಡ್ಯಾಮ್ ಇನ್ನೂ ಎತ್ತರ ಮಾಡ್ತಾರಂತ. ಖರೇನ?"

ಖರೆ. ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಇದೆ. ಏರಿಸಿದರೆ ಇನ್ನಷ್ಟು ಜಾಗ ಮುಳುಗುತ್ತದೆ.

"ನೋಟೀಸ ಬಂದ್ರ ಓದಿಸಿ ಕೇಳು. ತಿಳೀದ ಹೆಬ್ಬೆಟ್ಟು ಒತ್ತಬ್ಯಾಡ," ಅಂದಳು ಮಗಳು.

ಗೆಳತಿಯರು ನವನಗರದಲ್ಲಿದ್ದರು. ಅಲ್ಲಿ ಓಣಿಯ ಹೆಸರು ಹೇಳಿದರೆ ಯಾರಿಗೂ ತಿಳಿಯದು. ಸೆಕ್ಟರ್ ನಂಬರು ಬೇಕು, ಮನೆ ನಂಬರು ಬೇಕು. ಚಿಗವ್ವ ಡಬ್ಬಿಯಿಂದ ಒಂದು ಚೀಟಿ ತೆಗೆದಳು. ಮೊಮ್ಮಗ ಬರೆದಿಟ್ಟದ್ದು. ಆಕೆ ನಿಧಾನಕ್ಕೆ ಓದಿದಳು. ಬೋರ್ಡು ನೋಡುತ್ತ, ಅಂಕಿ ಕೂಡಿಸುತ್ತ ಬಾಗಿಲು ಹುಡುಕಿದಳು.

ಗೆಳತಿ ಗುರುತು ಹಿಡಿಯಲಿಲ್ಲ. ನಕ್ಕಾಗ ಹಿಡಿದಳು. ಇನ್ನೊಬ್ಬಳನ್ನೂ ಕೂಗಿ ಕರೆದರು. ಚಹಾ ಆಯಿತು. ಬರೀ ಮಾತು, ನಗು. ಮಾಲಕ ಇಲ್ಲದಾಗ ಕಂಡಿಕೆ ಬಿಟ್ಟು ಚೌಕಾಬಾರ ಆಡಿದ್ದು ಕೂಡ ಬಂತು.

"ಮತ್ತ ಆಕಿ ಎಲ್ಲಿ?"

ಇಬ್ಬರೂ ಸುಮ್ಮನಾದರು. ನಾಲ್ಕನೆಯವಳು ಗೋವಾಕ್ಕೆ ಕೂಲಿಗೆ ಹೋಗಿದ್ದಳು. ಅಲ್ಲೇ ತೀರಿಕೊಂಡು ಎರಡು ವರ್ಷವಾಗಿತ್ತು.

"ನನಗ ಯಾಕ ತಿಳಿಸ್ಲಿಲ್ಲ?"

"ಎಲ್ಲಿಗೆ ತಿಳಿಸೂದು ಯಕ್ಕಾ? ನಿನ್ನ ವಿಳಾಸ ಯಾರ ಹತ್ರ ಇತ್ತು?"

ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಚೀಲದಿಂದ ನೋಟುಬುಕ್ಕು ತೆಗೆದಳು. ಇಬ್ಬರ ಹೆಸರು, ಸೆಕ್ಟರು, ಮನೆ ನಂಬರು, ಫೋನ್ ನಂಬರು ಬರೆದುಕೊಂಡಳು. ಒಂದು ಹಾಳೆ ಹರಿದು ತನ್ನದನ್ನೂ ಬರೆದು ಕೊಟ್ಟಳು. ಗೋವಾದಲ್ಲಿರುವ ಆಕೆಯ ಮಗಳ ನಂಬರನ್ನೂ ಕೇಳಿ ಪಡೆದಳು.

ಓದಿ, ಬರೆಯಿರಿ:

ನಿಮ್ಮ ಜೊತೆ ಹಿಂದೆ ಕೆಲಸ ಮಾಡಿದ ಇಬ್ಬರ ಹೆಸರು ಬರೆಯಿರಿ. ಅವರು ಈಗ ಎಲ್ಲಿದ್ದಾರೆ? ಗೊತ್ತಿಲ್ಲದಿದ್ದರೆ ಯಾರನ್ನು ಕೇಳುತ್ತೀರಿ?